ಮ್ಯಾಕ್ರೋಫೇಜ್‌ಗೆ ಬಡಿಸುವುದು ಕಮ್ಮಿ ಮಾಡಿದೆ, ಸಾವು ನಿಂತಿತು

ನಮ್ಮ ಲ್ಯಾಬಿನಲ್ಲಿ ಇಲಿಯ ಮ್ಯಾಕ್ರೋಫೇಜ್ ಬೆಳೆಸುತ್ತೇವೆ, ಅಂದರೆ ಸತ್ತ ಕೋಶಗಳನ್ನು ನುಂಗಿ ಅರಗಿಸುವ ರಕ್ಷಣಾ ಕೋಶಗಳು. ಸತ್ತ ಥೈಮೊಸೈಟ್ (ಥೈಮಸ್ ಗ್ರಂಥಿಯ ಕೋಶ) ತಿನ್ನಿಸಿದರೆ ಸಾಕು, ಅವು ಮರುದಿನವೇ ಪ್ಲೇಟಿನಿಂದ ಕಿತ್ತು ತೇಲುತ್ತಿದ್ದವು. "ಸೀರಮ್ ಸರಿ ಇಲ್ಲ ಮಾರಾಯ್ರೆ" ಅಂದರು ಲ್ಯಾಬಿನವರು. ಬದಲಾಯಿಸಿದೆವು, ಸುಮಾರು 35,000 ರೂಪಾಯಿ ಹೋಯಿತು. ಆಮೇಲೆ ಮೈಕೊಪ್ಲಾಸ್ಮಾ (ಬೆಳೆಸಿದ ಕೋಶಗಳಿಗೆ ಹತ್ತುವ ಸಣ್ಣ ಬ್ಯಾಕ್ಟೀರಿಯಾ) ಅಂದರು. ಪಿಸಿಆರ್‌ನಲ್ಲಿ ಏನೂ ಇಲ್ಲ. ಮಂಗಳೂರಿನ ಆಟಿ ಮಳೆಗೆ ಫಂಗಸ್ ಬಂದು ಹಾಳಾದ ಬ್ಯಾಚುಗಳ ಲೆಕ್ಕ ಬೇರೆ.

ನನ್ನ ಅನುಮಾನ ಲೈಸೊಸೋಮ್ ಮೇಲಿತ್ತು, ಕೋಶದೊಳಗೆ ನುಂಗಿದ್ದನ್ನು ಅರಗಿಸುವ ಆಮ್ಲದ ಚೀಲ ಅದು. ನುಂಗಿದ ಕೋಶದ ಡಿಎನ್‌ಎಯನ್ನು ಡಿಎನ್‌ಏಸ್-2 ಎಂಬ ಕಿಣ್ವ ಅಲ್ಲೇ ಕತ್ತರಿಸುತ್ತದೆ. ಕೊನೆಗೆ ಉಳಿಯುವ ಚೂರುಗಳಾದ ನ್ಯೂಕ್ಲಿಯೊಸೈಡ್ ಇಎನ್‌ಟಿ3 ಎಂಬ ಸಾಗಣೆ ಪ್ರೋಟೀನಿನ ಮೂಲಕ ಹೊರಗೆ ಹೋಗಬೇಕು. ಈ ಸಾಗಣೆದಾರ ಇಲ್ಲದ ಇಲಿಗಳ ಲೈಸೊಸೋಮಿನಲ್ಲಿ ಅದು ಕೂಡಿಹಾಕಿಕೊಳ್ಳುತ್ತದೆ ಎಂದು 2012ರಲ್ಲೇ ಬಂದಿದೆ. ನಮ್ಮ ಇಲಿಗಳಲ್ಲಿ ಜೀನ್ ಸರಿಯಾಗಿಯೇ ಇದೆ. ಆದರೆ ಗೇಟು ತೆರೆದಿದ್ದರೂ ಜಾತ್ರೆಯ ಜನ ಒಟ್ಟಿಗೆ ನುಗ್ಗಿದರೆ? ಇಎನ್‌ಟಿ3 ಒಂದೇ ಅಲ್ಲ, ಕೊಲೆಸ್ಟ್ರಾಲ್ ಎನ್‌ಪಿಸಿ1 ಎಂಬ ಇನ್ನೊಂದು ಗೇಟು ದಾಟಬೇಕು, ಅಮೈನೊ ಆಮ್ಲಗಳೂ ಹೊರಡಬೇಕು. "ನಿಮಗೆ ಓದಿದ್ದು ಜಾಸ್ತಿಯಾಯಿತು" ಎಂದು ನಕ್ಕರು.

ಒಂದು ಮ್ಯಾಕ್ರೋಫೇಜ್‌ಗೆ ಹತ್ತು ಸತ್ತ ಕೋಶ ಕೊಡುತ್ತಿದ್ದುದನ್ನು ಮೂರಕ್ಕೆ ಇಳಿಸಿದೆ. ಒಂದು ಗಂಟೆಯಾದ ಮೇಲೆ ತಿನ್ನದೆ ಉಳಿದವನ್ನು ಚೆನ್ನಾಗಿ ತೊಳೆದೆ. ಲೈಸೊಟ್ರ್ಯಾಕರ್ (ಆಮ್ಲವಿರುವ ಲೈಸೊಸೋಮಿನಲ್ಲಿ ಸೇರಿ ಹೊಳೆಯುವ ಬಣ್ಣ) ಹೊಳಪು ಮೊದಲಿನ ಮಟ್ಟಕ್ಕೆ ಬರುವ ತನಕ ಎರಡನೇ ಊಟ ಇಲ್ಲ. ಬಣ್ಣ 50 ನ್ಯಾನೊಮೋಲಾರ್, ಅರ್ಧ ಗಂಟೆ, ಜೀವಂತ ಕೋಶದಲ್ಲೇ ನೋಡುವುದು.

ಆಮ್ಲ ತೆಗೆದರೆ ಈ ಹೊಳಪು ಇಳಿಯುತ್ತದೆಯೇ ಎಂದು ನೋಡುವ ಕಂಟ್ರೋಲ್‌ಗೆ ಬ್ಯಾಫಿಲೊಮೈಸಿನ್ ಬೆಲೆ ಕೇಳಿ ಸುಮ್ಮನಾದೆ. ಅಗ್ಗಕ್ಕೆ ಸಿಗುತ್ತದೆ ಅಂತ ಕ್ಲೋರೊಕ್ವಿನ್ ಹಾಕಿ ರಾತ್ರಿ ಬಿಟ್ಟರೆ ಲೈಸೊಸೋಮ್‌ಗಳು ಊದಿ ಇನ್ನೂ ಜೋರಾಗಿ ಹೊಳೆದವು! ಕೊನೆಗೆ ಅಮೋನಿಯಂ ಕ್ಲೋರೈಡ್ 20 ಮಿಲಿಮೋಲಾರ್ ಕೆಲಸ ಮಾಡಿತು. ಪುಕ್ಕಟೆ ಅಂತಲೇ ಹೇಳಬೇಕು.

ಮ್ಯಾಕ್ರೋಫೇಜ್ ಬದುಕಲು ಬೇಕಾದ ಬೆಳವಣಿಗೆ ಪ್ರೋಟೀನು ಎಂ-ಸಿಎಸ್‌ಎಫ್ ಕೊಂಡರೆ ಚಿಕ್ಕ ಬಾಟಲಿಗೇ ಇಪ್ಪತ್ತು ಸಾವಿರ ದಾಟುತ್ತದೆ. ಅದನ್ನು ತಾನೇ ಸುರಿಸುವ ಇಲಿಯ ಎಲ್929 ಕೋಶ ಬೆಳೆದ ದ್ರವವೇ ಸಾಕು, 20 ಪರ್ಸೆಂಟ್ ಹಾಕಿ. ತಿನ್ನಿಸುವಾಗಲೂ ಅದನ್ನು ತೆಗೆಯಬೇಡಿ, ಹೆಚ್ಚಿನವರು ಅಲ್ಲೇ ದುಡ್ಡು ಉಳಿಸಲು ಹೋಗುತ್ತಾರೆ. ಮನುಷ್ಯರ ಮೊನೊಸೈಟ್‌ಗೆ (ಮ್ಯಾಕ್ರೋಫೇಜ್ ಆಗುವ ರಕ್ತಕೋಶ) ಮಾತ್ರ ಇದು ನಡೆಯುವುದಿಲ್ಲ, ಇಲಿಯ ಎಂ-ಸಿಎಸ್‌ಎಫ್ ಅವುಗಳಿಗೆ ಹಿಡಿಯುವುದಿಲ್ಲ.

ಸುಮ್ನೆ ಒಂದು ಸಲ ಬೇಕರಿಯ ಯೀಸ್ಟ್ ಕುದಿಸಿಯೂ ಕೊಟ್ಟೆ. ಗಬಗಬನೆ ತಿಂದವು. ಆದರೆ ಅದರ ಗ್ಲೂಕನ್ ಗೋಡೆ ಒಡೆಯುವ ಕಿಣ್ವ ಅವುಗಳಲ್ಲಿ ಇಲ್ಲ ಅಲ್ವಾ, ಹೊಟ್ಟೆ ಹಾಗೇ ತುಂಬಿಕೊಂಡು ಕೂತವು.

ಈಗ ಪ್ಲೇಟಿನ ಹತ್ತು ಗುಂಡಿಗಳಲ್ಲಿ ಎಂಟಾದರೂ ಎರಡನೇ ಊಟ ದಾಟುತ್ತವೆ, ಮೊದಲು ಎರಡೂ ಕಷ್ಟವಿತ್ತು. ಎಲ್929 ದ್ರವವನ್ನು ಯಾವ ದಿನ ತೆಗೆಯುತ್ತೇನೆ, ಫ್ರೀಜ್ ಮಾಡುವ ಮೊದಲು ಏನು ಸೇರಿಸುತ್ತೇನೆ ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.