ಹಳೇ ಎಂಜಿಬಿ ಮನೇಲೇ ರೆಡಿ ಮಾಡೋದು: ಮೊದ್ಲು ಬ್ರೇಕು, ಬಣ್ಣ ಕೊನೇಗೆ

ಹಳೇ ಸ್ಪೋರ್ಟ್ಸ್ ಕಾರ್ ತಗೊಂಡವ್ರು ಮಾಡೋ ಮೊದಲನೇ ತಪ್ಪು ಅಂದ್ರೆ ಗಾಡಿ ಮನೆಗೆ ಬಂದ ವಾರದಲ್ಲೇ ಪೂರ್ತಿ ಬಿಚ್ಚಿ ಹಾಕೋದು. ಬಿಚ್ಚೋದು ಮಜಾನೇ, ಎರಡು ಭಾನುವಾರ ಸಾಕು, ಸಂಜೆ ಹೊತ್ತಿಗೆ ಗ್ಯಾರೇಜ್ ತುಂಬಾ ಬಂಪರ್ರು ಬಾಗಿಲು ವೈರು ನಟ್ಟು. ಆರು ತಿಂಗಳು ಬಿಟ್ಟು ನೋಡಿದ್ರೆ ಆ ಡಬ್ಬದಲ್ಲಿರೋ ಬೋಲ್ಟ್ ಎಲ್ಲಿಂದ ಬಂತು ಅಂತ ಬಿಚ್ಚಿದವನಿಗೇ ಗೊತ್ತಿರಲ್ಲ, ಆಮೇಲೆ "ಎಲ್ಲಾ ಪಾರ್ಟ್ಸ್ ಇದೆ, ಜೋಡಿಸಿಕೊಂಡ್ರೆ ಆಯ್ತು" ಅಂತ ಬರೆದು ಮಾರೋದು. ನಂಗೆ ಸಿಕ್ಕಿದ್ದೂ ಅಂಥದ್ದೇ ಗಾಡಿ, ಹನ್ನೊಂದು ಡಬ್ಬ ಇತ್ತು, ಒಂದರ ಮೇಲೂ ಏನೂ ಬರ್ದಿರ್ಲಿಲ್ಲ. ಅದಕ್ಕೇ ಹೇಳ್ತಿದೀನಿ, ಗಾಡಿ ಚಕ್ರದ ಮೇಲೆ ನಿಂತಿರ್ಲಿ, ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ, ಅದನ್ನ ಮುಗಿಸಿ ವಾಪಸ್ ಹಾಕಿ, ಆಮೇಲೆ ಮುಂದಿಂದು. ಮೊದ್ಲು ನಿಲ್ಲೋ ಹಾಗೆ ಮಾಡಿ, ಆಮೇಲೆ ಓಡೋ ಹಾಗೆ, ಚಂದ ಮಾಡೋದು ಎಲ್ಲಾ ಆದ್ಮೇಲೆ.

ಉದಾಹರಣೆಗೆ ಎಂಜಿ ಅನ್ನೋ ಬ್ರಿಟಿಷ್ ಕಂಪನಿಯ ಎಂಜಿಬಿ ಸ್ಪೋರ್ಟ್ಸ್ ಕಾರನ್ನೇ ಇಟ್ಕೋತೀನಿ, ಯಾಕಂದ್ರೆ ನಂಗೆ ಕೈ ಪಳಗಿರೋದು ಅದ್ರಲ್ಲೇ. 1962ರಿಂದ 1980ರ ತನಕ 5 ಲಕ್ಷಕ್ಕೂ ಜಾಸ್ತಿ ಗಾಡಿ ಮಾಡಿದಾರೆ, 1798 ಸಿಸಿ ನಾಲ್ಕು ಸಿಲಿಂಡರ್ ಇಂಜಿನ್, ಕಂಪ್ಯೂಟರ್ ಸೆನ್ಸರ್ ಯಾವ್ದೂ ಇಲ್ಲ, ಸ್ಪೇರ್ ಪಾರ್ಟ್ಸ್ ಇವತ್ತಿಗೂ ಸಿಗತ್ತೆ, ಹೊಸ ಬಾಡಿ ಶೆಲ್ಲೂ ಸಿಗತ್ತೆ. ನಿಮ್ದು ಬೇರೆ ಗಾಡಿ ಆದ್ರೆ ಅಳತೆಗಳನ್ನ ನಿಮ್ಮ ವರ್ಕ್‌ಶಾಪ್ ಮ್ಯಾನ್ಯುಯಲ್ ನೋಡಿ ಬದ್ಲಾಯಿಸ್ಕೊಳ್ಳಿ, ಕೆಲಸದ ಕ್ರಮ ಇದೇ.

ಸ್ಪ್ಯಾನರ್ ವಿಷಯ ಮೊದ್ಲೇ ಹೇಳ್ಬಿಡ್ತೀನಿ. ಇದ್ರಲ್ಲಿರೋದು ಇಂಚಿನ ಬೋಲ್ಟು, ಎಎಫ್ ಸೈಜ್ (ಬೋಲ್ಟ್ ತಲೆಯ ಎದುರುಬದುರು ಮುಖಗಳ ನಡುವಿನ ಇಂಚಿನ ಅಳತೆ) ಸ್ಪ್ಯಾನರ್ ಬೇಕು. ಅರ್ಧ ಇಂಚು ಅಂದ್ರೆ 12.7 ಮಿಮೀ, ಮನೇಲಿರೋ 13ರ ಸ್ಪ್ಯಾನರ್ ಅದಕ್ಕೆ ಕೂತ ಹಾಗೇ ಅನ್ಸತ್ತೆ, ಸ್ವಲ್ಪ ಲೂಸ್ ಅಷ್ಟೇ ಅಂತ ಜೋರು ಹಾಕಿದ್ರೋ ಬೋಲ್ಟಿನ ಮೂಲೆ ಎಲ್ಲಾ ಸವೆದು ಗುಂಡಗಾಗತ್ತೆ, ಆಮೇಲೆ ಅದನ್ನ ತೆಗೆಯೋಕೆ ಉಳಿ ಸುತ್ತಿಗೆನೇ ಗತಿ. ತುಕ್ಕು ಹಿಡಿದಿರೋ ಬೋಲ್ಟಿಗೆ ಹಿಂದಿನ ದಿನವೇ ಪೆನಿಟ್ರೇಟಿಂಗ್ ಆಯಿಲ್ ಹೊಡೆದಿಡಿ, ಆರು ಮೂಲೆಯ ಸಾಕೆಟ್ ಹಾಕಿ, ಮೊದ್ಲು ಚೂರು ಬಿಗಿ ಕಡೆಗೆ ತಿರುಗ್ಸಿ ತುಕ್ಕಿನ ಹಿಡಿತ ಬಿಡ್ಸಿ ಆಮೇಲೆ ಬಿಚ್ಚಿ. ಬಿಚ್ಚಿದ ಪ್ರತಿ ಭಾಗದ ಫೋಟೋ, ಪ್ರತಿ ಬೋಲ್ಟಿಗೆ ಜಿಪ್ ಕವರ್ರು, ಕವರ್ ಒಳಗೊಂದು ಚೀಟಿ. ಹೊರಗಡೆ ಮಾರ್ಕರ್‌ನಲ್ಲಿ ಬರೆದ್ರೆ ಎಣ್ಣೆ ಕೈ ತಾಗಿ ಅಳಿಸಿಹೋಗತ್ತೆ.

ಇನ್ನೊಂದು, ಇದ್ರಲ್ಲಿ ತಮಾಷೆ ಇಲ್ಲ: ಜ್ಯಾಕ್ ಒಂದರ ಮೇಲೇ ನಿಂತಿರೋ ಗಾಡಿ ಕೆಳಗೆ ತಲೆ ಹಾಕ್ಬೇಡಿ. ಆಕ್ಸಲ್ ಸ್ಟ್ಯಾಂಡ್ ಇಡಿ, ನೆಲದ ಮೇಲೆ ಉಳಿದಿರೋ ಚಕ್ರ ಉರುಳದ ಹಾಗೆ ಅಡ್ಡ ಕೊಡಿ, ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರ ಮಾತ್ರ ಅನ್ನೋದು ನೆನಪಿರ್ಲಿ, ಹಿಂದೆ ಎತ್ತಿದ್ರೆ ಅದಿದ್ದೂ ಇಲ್ಲದ ಹಾಗೆ. ಹಳೇ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಇದೆ, ಆ ಧೂಳನ್ನ ಗಾಳಿ ಹೊಡೆದು ಹಾರಿಸ್ಬೇಡಿ, ಮಾಸ್ಕ್ ಹಾಕ್ಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ ಕವರಿಗೆ ಹಾಕಿ ಕಟ್ಟಿ.

ಈಗ ಬಾಡಿ. ಎಂಜಿಬಿಗೆ ಬೇರೆ ಚಾಸಿ ಅಂತ ಇಲ್ಲ, ಬಾಡಿನೇ ಚಾಸಿ. ಅದ್ರಲ್ಲೂ ತೆರೆದ ರೋಡ್‌ಸ್ಟರ್‌ಗೆ ಮೇಲೆ ಛಾವಣಿ ಇಲ್ಲದಿರೋದ್ರಿಂದ ಗಾಡಿಯ ಬೆನ್ನೆಲುಬು ಅಂದ್ರೆ ಬಾಗಿಲ ಕೆಳಗಿರೋ ಸಿಲ್. ಹೊರಗೆ ಕಾಣೋದು ಒಂದು ತಗಡು, ಅದ್ರ ಹಿಂದೆ ನಡುವೆ ಒಂದು, ಒಳಗೆ ಇನ್ನೊಂದು. ನೀರು ಮಣ್ಣು ಒಳಗೆ ಸೇರ್ಕೊಂಡು ಕೆಳಗಿನ ತೂತುಗಳು ಕಟ್ಕೊಂಡ್ರೆ ಒಳಗಿಂದ ಕೊಳೆಯೋಕೆ ಶುರು, ಹೊರಗೆ ಬಣ್ಣ ಮಾತ್ರ ಫಳಫಳ. ನಾನು ನೋಡೋದು ಹೀಗೆ, ಬಾಗಿಲ ಹಿಂದೆ ಮುಂದೆ ಇರೋ ಸಂದಿಗೆ ಬೆರಳು ಇಟ್ಟು ಮೇಲಿಂದ ಕೆಳಗೆ ಒಂದೇ ಅಗಲ ಇದ್ಯಾ ನೋಡ್ತೀನಿ, ಮೇಲ್ಗಡೆ ಸಂದಿ ಕಿರಿದಾಗಿ ಕೆಳಗಡೆ ಅಗಲ ಆಗಿದ್ರೆ ಗಾಡಿ ನಡುವೆ ಬಗ್ಗಿದೆ ಅಂತ ಅರ್ಥ. ಆಮೇಲೆ ಒಂದು ಕಡೆ ಜ್ಯಾಕ್ ಹಾಕಿ ಎತ್ತಿ ಬಾಗಿಲು ತೆರೆದು ಮುಚ್ಚಿ ನೋಡಿ, ಬಾಗಿಲು ಎಲ್ಲೋ ಹಿಡ್ಕೊಂಡ್ರೆ ಸಿಲ್ ಮುಗ್ದಿದೆ. ಬಟ್ಟೆ ಸುತ್ತಿದ ಮ್ಯಾಗ್ನೆಟ್ ಸಿಲ್ ಉದ್ದಕ್ಕೂ ಎಳೀರಿ, ಅಂಟದೇ ಇರೋ ಜಾಗದಲ್ಲಿ ತಗಡಿಲ್ಲ, ಪುಟ್ಟಿ ಇದೆ.

ಸಿಲ್ ಹೋಗಿದ್ರೆ ಮೇಲೊಂದು ತಗಡು ಹಚ್ಚಿ ಮುಚ್ಚೋರು ತುಂಬಾ ಜನ, ಒಂದೆರಡು ವರ್ಷಕ್ಕೆ ಅದೂ ತೂತು. ಮಾಡೋದಾದ್ರೆ ಮೂರು ಪದರನೂ ಕತ್ತರಿಸಿ ಹೊಸದು ಹಾಕಿ. ಕತ್ತರಿಸೋ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಪೈಪ್ ವೆಲ್ಡ್ ಮಾಡಿ ಬಿಗಿ ಮಾಡ್ಕೊಳ್ಳಿ, ಇಲ್ದಿದ್ರೆ ಗಾಡಿ ಕುಸಿದು ಬಾಳೆಹಣ್ಣಿನ ಹಾಗೆ ಬಗ್ಗತ್ತೆ, ಆ ಬಗ್ಗಿದ ಆಕಾರದಲ್ಲೇ ನೀವು ವೆಲ್ಡ್ ಮಾಡಿ ಮುಗಿಸ್ತೀರ, ಬಾಗಿಲು ಜನ್ಮಕ್ಕೂ ಸರಿ ಕೂರಲ್ಲ. ಒಂದು ಕಡೆ ಮುಗಿಸಿ ಆಮೇಲೆ ಇನ್ನೊಂದು ಕಡೆ, ಎರಡೂ ಒಟ್ಟಿಗೆ ಕತ್ತರಿಸೋ ಧೈರ್ಯ ಬೇಡ. ಟ್ಯಾಕ್ (ಹಿಡ್ಕೊಳ್ಳೋಕೆ ಹಾಕೋ ಸಣ್ಣ ವೆಲ್ಡ್) ಹಾಕ್ತಾ ಹಾಕ್ತಾ ಬಾಗಿಲು ಜೋಡ್ಸಿ ಸಂದಿ ನೋಡ್ತಾ ಇರಿ. ತೆಳು ತಗಡಿಗೆ 0.6 ಮಿಮೀ ವೈರಿನ ಮಿಗ್ ವೆಲ್ಡರ್ ಸಾಕು, ಒಂದೇ ಉಸಿರಿಗೆ ಉದ್ದ ಎಳೆದ್ರೆ ತಗಡು ಸುಕ್ಕಾಗತ್ತೆ, ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆ ಹಾಕಿ ತಣ್ಣಗಾಗೋಕೆ ಬಿಡಿ. ವೆಲ್ಡಿಂಗ್ ಕೈಗೆ ಬರಲ್ಲ ಅಂದ್ರೆ ನಾಚ್ಕೆ ಏನಿಲ್ಲ, ಇದೊಂದು ಕೆಲಸ ಗೊತ್ತಿರೋರಿಗೆ ಕೊಡಿ. ನೀವೇ ಮಾಡೋದಾದ್ರೆ ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ, ಫೈರ್ ಎಕ್ಸ್‌ಟಿಂಗ್ವಿಷರ್ ಕೈಗೆಟುಕೋ ಹಾಗಿರ್ಲಿ. ಮುಗಿದ್ಮೇಲೆ ಸಿಲ್ ಒಳಗೆ ತುಕ್ಕು ತಡೆಯೋ ಕ್ಯಾವಿಟಿ ವ್ಯಾಕ್ಸ್ ಹೊಡೀರಿ, ಕೆಳಗಿನ ನೀರು ಹೋಗೋ ತೂತು ಮಾತ್ರ ಮುಚ್ಬೇಡಿ.

ಬ್ರೇಕ್: ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ವರ್ಷಗಟ್ಟಲೆ ನಿಂತ ಗಾಡಿ ಅಂದ್ರೆ ರಬ್ಬರ್ ಹೋಸ್, ಸೀಲ್, ವೀಲ್ ಸಿಲಿಂಡರ್ ಎಲ್ಲಾ ಹೊಸದೇ ಹಾಕಿ, ಇಲ್ಲಿ ಉಳಿತಾಯ ಮಾಡೋಕೆ ಹೋಗ್ಬೇಡಿ, ಹಳೇ ಎಂಜಿಬಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್, ಒಂದು ಕಡೆ ಪೈಪ್ ಒಡೆದ್ರೆ ಎಲ್ಲಾ ಬ್ರೇಕೂ ಹೋಯ್ತು. ಒಂದು ಮೋಸ ಇದೆ ನೋಡಿ, ಹೋಸ್ ಹೊರಗೆ ಚೆನ್ನಾಗೇ ಕಾಣತ್ತೆ, ಒಳಗೆ ಉಬ್ಬಿ ದಾರಿ ಮುಚ್ಕೊಂಡಿರತ್ತೆ. ಪೆಡಲ್ ಒತ್ತಿದಾಗ ಫ್ಲೂಯಿಡ್ ಹೋಗತ್ತೆ, ಬಿಟ್ಟಾಗ ವಾಪಸ್ ಬರಲ್ಲ, ಚಕ್ರ ಹಿಡ್ಕೊಂಡೇ ಇರತ್ತೆ. ನಾನು ಇದು ಗೊತ್ತಿಲ್ದೆ ಕ್ಯಾಲಿಪರ್ (ಡಿಸ್ಕನ್ನ ಹಿಡಿಯೋ ಭಾಗ) ಎರಡು ಸಲ ಬಿಚ್ಚಿದೀನಿ. ಡಾಟ್ 4 ಫ್ಲೂಯಿಡ್ ಹಾಕಿ, ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳೋ ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರದಿಂದ ಶುರು ಮಾಡಿ ಗಾಳಿ ತೆಗೀರಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದ್ಲಾಯ್ಸಿ ಯಾಕಂದ್ರೆ ಅದು ಗಾಳಿಯಲ್ಲಿರೋ ತೇವ ಹೀರ್ಕೊಳ್ಳತ್ತೆ. ಬಣ್ಣದ ಮೇಲೆ ಬಿದ್ರೆ ಒರೆಸೋಕೆ ಹೋಗ್ಬೇಡಿ, ತಕ್ಷಣ ನೀರು ಸುರೀರಿ.

ಇಂಜಿನ್ ತಿರುಗ್ತಿಲ್ಲ ಅಂತ ಕೀ ತಿರುಗಿಸ್ತಾ ಕೂರ್ಬೇಡಿ. ಸ್ಪಾರ್ಕ್ ಪ್ಲಗ್ ನಾಲ್ಕೂ ತೆಗ್ದು ಒಂದೊಂದು ತೂತಿಗೆ ಎರಡು ಚಮಚ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ವಾರ ಸುಮ್ನಿರಿ. ಆಮೇಲೆ ನಾಲ್ಕನೇ ಗೇರ್ ಹಾಕಿ ಗಾಡಿನ ಮೆಲ್ಲಗೆ ಹಿಂದೆ ಮುಂದೆ ತಳ್ಳಿ, ಚೂರೇ ಚೂರು ಅಲ್ಲಾಡಿದ್ರೂ ಗೆದ್ದ ಹಾಗೆ. ತಿರುಗೋಕೆ ಶುರುವಾದ್ಮೇಲೆ ಹೊಸ 20ಡಬ್ಲ್ಯೂ50 ಆಯಿಲ್ ಮತ್ತೆ ಫಿಲ್ಟರ್ ಹಾಕಿ, ಪ್ಲಗ್ ಇಲ್ಲದೇ ಸ್ಟಾರ್ಟರ್ ತಿರುಗ್ಸಿ, ಆಯಿಲ್ ಪ್ರೆಶರ್ ಮುಳ್ಳು ಮೇಲೇಳೋ ತನಕ ಪ್ಲಗ್ ಹಾಕ್ಬೇಡಿ. ಬಿಸಿಯಾದ್ಮೇಲೆ ಓಡ್ತಿರುವಾಗ 50ರಿಂದ 80 ಪಿಎಸ್‌ಐ, ಐಡಲಿಂಗಲ್ಲಿ 10ರಿಂದ 25 ಇದ್ರೆ ನಿಶ್ಚಿಂತೆ. ಆಯಿಲ್ ತಗೋವಾಗ ಹಳೇ ಇಂಜಿನ್‌ಗೆ ಅಂತಲೇ ಇರೋದು ತಗೊಳ್ಳಿ, ವಾಲ್ವ್ ತೆರೆಸೋ ಕ್ಯಾಮ್‌ಶಾಫ್ಟ್ ಮೇಲೆ ಟ್ಯಾಪೆಟ್ ನೇರವಾಗಿ ಉಜ್ಜೋ ಇಂಜಿನ್ ಇದು, ಅದಕ್ಕೆ ಜಿಂಕ್ ಜಾಸ್ತಿ ಇರೋ ಆಯಿಲ್ ಬೇಕು.

ಟ್ಯಾಪೆಟ್ ಸಂದಿ (ವಾಲ್ವ್ ತುದಿಗೂ ಅದನ್ನ ಒತ್ತೋ ರಾಕರ್‌ಗೂ ನಡುವಿನ ಜಾಗ) ಇಂಜಿನ್ ತಣ್ಣಗಿರುವಾಗ 0.015 ಇಂಚು, ಅಂದ್ರೆ 0.38 ಮಿಮೀ. ಇದಕ್ಕೊಂದು ಸುಲಭ ಲೆಕ್ಕ ಇದೆ, ಒಂಬತ್ತರ ಲೆಕ್ಕ. ವಾಲ್ವ್ ಒಟ್ಟು ಎಂಟು, ಮುಂದಿನಿಂದ ಎಣಿಸಿ. ಎಂಟನೇದು ಪೂರ್ತಿ ಒತ್ಕೊಂಡಿರುವಾಗ ಒಂದನೇದರ ಸಂದಿ ನೋಡಿ, ಆರನೇದು ಒತ್ಕೊಂಡಿರುವಾಗ ಮೂರನೇದು, ಎರಡೂ ಕೂಡಿದ್ರೆ ಒಂಬತ್ತು ಬರ್ಬೇಕು ಅಷ್ಟೇ. ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಪಟ್ಟಿ) ಎಳೆಯುವಾಗ ಪುಸ್ತಕದ ಹಾಳೆಗಳ ಮಧ್ಯದಿಂದ ಚೀಟಿ ಎಳೆದಷ್ಟು ತಡೆ ಇರ್ಲಿ.

ಗಾಳಿಗೆ ಪೆಟ್ರೋಲ್ ಬೆರೆಸೋ ಎಸ್‌ಯು ಕಂಪನಿಯ ಕಾರ್ಬುರೇಟರ್ ಅಂದ್ರೆ ಯಾಕೋ ಎಲ್ರಿಗೂ ಭಯ, ನನ್ನ ಪ್ರಕಾರ ಇಡೀ ಗಾಡಿಯಲ್ಲಿ ಅದರಷ್ಟು ಮರ್ಯಾದಸ್ಥ ಸಾಮಾನು ಇನ್ನೊಂದಿಲ್ಲ. ಎರಡು ಇರತ್ತೆ, ಮೇಲಿನ ಗಂಟೆಯಂಥ ಡಬ್ಬದ ಒಳಗೆ ಒಂದು ಪಿಸ್ಟನ್. ಏರ್ ಕ್ಲೀನರ್ ತೆಗ್ದು ಬೆರಳಲ್ಲಿ ಪಿಸ್ಟನ್ ಎತ್ತಿ ಬಿಡಿ, ಟಕ್ ಅಂತ ಲೋಹ ತಾಗಿದ ಸದ್ದು ಬರ್ಬೇಕು, ಬರ್ಲಿಲ್ಲ ಅಂದ್ರೆ ಕೊಳೆ ಇದೆ ಇಲ್ಲಾ ಪಿಸ್ಟನ್ ಕೆಳಗಿರೋ ಸೂಜಿ ಉಜ್ತಿದೆ. ಮೇಲಿನ ಡ್ಯಾಂಪರ್‌ಗೆ ತೆಳು ಆಯಿಲ್ ಹಾಕಿ. ಎರಡೂ ಸಮ ಗಾಳಿ ಎಳೀತಿದ್ಯಾ ಅಂತ ನೋಡೋಕೆ ಒಂದು ರಬ್ಬರ್ ಪೈಪು ಸಾಕು, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರ್ ಬಾಯಿಗೆ, ಎರಡರಲ್ಲೂ ಬುಸ್ ಅನ್ನೋ ಸದ್ದು ಒಂದೇ ಥರ ಕೇಳೋ ತನಕ ಥ್ರಾಟಲ್ ಸ್ಕ್ರೂ ತಿರುಗ್ಸಿ. ಆಮೇಲೆ ಮಿಕ್ಸ್ಚರ್: ಇಂಜಿನ್ ಬಿಸಿಯಾಗಿ ಐಡಲಿಂಗಲ್ಲಿರುವಾಗ ಒಂದು ಪಿಸ್ಟನ್‌ನ ಪಿನ್ ಒತ್ತಿ ಒಂದು ಮಿಲಿಮೀಟರ್‌ಗಿಂತ ಕಮ್ಮಿ ಎತ್ತಿ. ಇಂಜಿನ್ ಸ್ಪೀಡ್ ಚೂರು ಏರಿ ಮತ್ತೆ ಇಳಿದ್ರೆ ಸರಿ ಇದೆ, ಏರಿ ಹಾಗೇ ನಿಂತ್ರೆ ಪೆಟ್ರೋಲ್ ಜಾಸ್ತಿ, ಕುಸಿದು ಆಫ್ ಆಗೋ ಹಾಗಾದ್ರೆ ಪೆಟ್ರೋಲ್ ಕಮ್ಮಿ. ಅವಸರ ಮಾಡ್ಬೇಡಿ, ಕಾರ್ಬುರೇಟರ್ ಕೆಳಗಿರೋ ಮಿಕ್ಸ್ಚರ್ ನಟ್ಟನ್ನ ಒಂದು ಸಲಕ್ಕೆ ಒಂದು ಮುಖದಷ್ಟೇ ತಿರುಗ್ಸಿ. ಪೆಟ್ರೋಲ್ ಪೈಪ್ ಹಳೇದಿದ್ರೆ ಎಥೆನಾಲ್ ತಡ್ಕೊಳ್ಳೋ ಹೊಸದು ಹಾಕಿ, ಹಳೇ ರಬ್ಬರನ್ನ ಎಥೆನಾಲ್ ತಿಂದು ಹಾಕತ್ತೆ.

ವೈರಿಂಗಲ್ಲಿ ಅರ್ಧ ಕಾಯಿಲೆ ಅರ್ತಿಂಗ್‌ದೇ. ಇಂಡಿಕೇಟರ್ ಹಾಕಿದಾಗ ಟೈಲ್ ಲ್ಯಾಂಪೂ ಜೊತೆಗೆ ಮಿಣುಕಿದ್ರೆ ಹೊಸ ಲ್ಯಾಂಪ್ ತರೋಕೆ ಓಡ್ಬೇಡಿ, ಕಪ್ಪು ವೈರ್ ಬಾಡಿಗೆ ಸೇರೋ ಜಾಗ ಉಜ್ಜಿ ಹೊಳಪು ಬರಿಸಿ ಮತ್ತೆ ಬಿಗಿ ಮಾಡಿ. ಕಂದು ಬಣ್ಣದ್ದು ಕೀ ಆಫ್ ಇದ್ರೂ ಕರೆಂಟ್ ಇರೋದು, ಬಿಳಿ ಕೀ ಹಾಕಿದ್ಮೇಲೆ, ಹಸಿರು ಫ್ಯೂಸ್ ದಾಟಿ ಬಂದಿದ್ದು, ಇಷ್ಟು ಗೊತ್ತಿದ್ರೆ ಮುಕ್ಕಾಲು ಗಾಡಿ ಓದೋಕೆ ಬರತ್ತೆ. ಮತ್ತೆ ಬ್ಯಾಟರಿ ಹಾಕೋ ಮುಂಚೆ ಒಂದು ವಿಷಯ, 1967ರ ತನಕದ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಹೋಗತ್ತೆ, ಆಮೇಲಿನದ್ರಲ್ಲಿ ನೆಗೆಟಿವ್. ಹಳೇ ಮಾಲೀಕರು ಬದ್ಲಾಯಿಸಿರಲೂಬಹುದು, ನೋಡಿ ಹಾಕಿ. ಆಲ್ಟರ್ನೇಟರ್ ಇರೋ ಗಾಡಿಗೆ ಉಲ್ಟಾ ಹಾಕಿದ್ರೆ ಒಳಗಿನ ಡಯೋಡ್ ಸುಟ್ಟು ಹೋಗತ್ತೆ.

ಕ್ಲಚ್ ಹಾಕ್ಬೇಕಂದ್ರೆ ಇದ್ರಲ್ಲಿ ಇಂಜಿನ್ನೇ ಇಳಿಸ್ಬೇಕು, ಅದಕ್ಕೇ ಯಾವ್ದೋ ಕಾರಣಕ್ಕೆ ಇಂಜಿನ್ ಹೊರಗೆ ಬಂದಿದ್ರೆ ಚೆನ್ನಾಗಿದ್ರೂ ಸರಿ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಹಿಂದಿನ ಆಯಿಲ್ ಸೀಲ್ ಹೊಸದು ಹಾಕಿಬಿಡಿ. ಆ ಬೇರಿಂಗ್ ಕಾರ್ಬನ್‌ದು, ಸಿಗ್ನಲಲ್ಲಿ ಕ್ಲಚ್ ಒತ್ಕೊಂಡೇ ನಿಂತ್ರೆ ಸವೀತಾ ಇರತ್ತೆ, ನ್ಯೂಟ್ರಲ್ ಮಾಡಿ ಕಾಲು ತೆಗೀರಿ.

ಬಣ್ಣದ ಬಗ್ಗೆ ಜಾಸ್ತಿ ಹೇಳಲ್ಲ. ಉಜ್ಜೋದು, ಎಪಾಕ್ಸಿ ಪ್ರೈಮರ್, ಪುಟ್ಟಿ, ಮತ್ತೆ ಉಜ್ಜೋದು ಎಲ್ಲಾ ಮನೇಲಿ ಮಾಡ್ಬಹುದು, ತಾಳ್ಮೆ ಇದ್ರೆ ಸಾಕು. ಆದ್ರೆ ಟು ಕೆ ಬಣ್ಣ (ಹಾರ್ಡನರ್ ಬೆರೆಸೋ ಬಣ್ಣ) ಹೊಡೆಯೋದು ಮಾತ್ರ ಬೂತ್ ಇರೋರಿಗೆ ಬಿಡಿ, ಅದ್ರ ಹಾರ್ಡನರಲ್ಲಿರೋ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಹೊರಗಿಂದ ಗಾಳಿ ಕೊಡೋ ಮಾಸ್ಕೇ ಬೇಕು.

ಗಾಡಿ ಓಡೋಕೆ ಶುರುವಾದ್ಮೇಲೆ 5000 ಕಿಮೀಗೆ ಆಯಿಲ್, ಅದೇ ಹೊತ್ತಿಗೆ ಮುಂದಿನ ಚಕ್ರ ಎಡ ಬಲ ತಿರುಗೋ ಕಿಂಗ್‌ಪಿನ್‌ಗೆ ಗ್ರೀಸ್, ಚಕ್ರ ನೆಲದಿಂದ ಎತ್ತಿ ಹೊಡೀರಿ, ಭಾರ ಬಿದ್ದಿದ್ರೆ ಗ್ರೀಸ್ ಒಳಗೆ ಹೋಗಲ್ಲ, ಹಳೇ ಕಪ್ಪು ಗ್ರೀಸ್ ಹೋಗಿ ಹೊಸದು ಇಣುಕೋ ತನಕ ಹೊಡೀತಿರಿ. ಟೈರಿನ ಗ್ರಿಪ್ ನೋಡಿ ಮೋಸ ಹೋಗ್ಬೇಡಿ, ಪಕ್ಕದಲ್ಲಿರೋ ನಾಲ್ಕು ಅಂಕಿ ಓದಿ, 2315 ಅಂದ್ರೆ 2015ರ 23ನೇ ವಾರ, ಹತ್ತು ವರ್ಷ ದಾಟಿದ್ರೆ ಬದ್ಲಾಯ್ಸಿ. ನಿಲ್ಲಿಸಿಟ್ಟಾಗ ಸುಮ್ನೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದು ಒಳ್ಳೇದಲ್ಲ, ಸೈಲೆನ್ಸರ್ ಒಳಗೆ ನೀರು ಉಳ್ಕೊಂಡು ತುಕ್ಕು ಹಿಡಿಯತ್ತೆ, ತೆಗೆದ್ರೆ ಅರ್ಧ ಗಂಟೆ ಓಡಿಸ್ಕೊಂಡು ಬನ್ನಿ.

ನಿಲ್ಲಿಸೋ ಜಾಗದಲ್ಲಿ ಒಂದು ದೊಡ್ಡ ರಟ್ಟು ಹಾಸಿ, ಮುಂದಿನ ಕಡೆ ಯಾವ್ದು ಅಂತ ಬಾಣದ ಗುರುತು ಹಾಕಿ, ನಾಲ್ಕು ಚಕ್ರದ ಜಾಗ ಗೆರೆ ಎಳೀರಿ. ಬೆಳಿಗ್ಗೆ ಎದ್ದು ಅದನ್ನ ನೋಡಿದ್ರೆ ಗಾಡಿ ಆರೋಗ್ಯ ಗೊತ್ತಾಗತ್ತೆ. ನಡುವೆ ಕಪ್ಪು ಹನಿ ಒಂದೆರಡು ಇದ್ರೆ ಇಂಜಿನ್ ಆಯಿಲ್, ಈ ವಯಸ್ಸಿಗೆ ಅಷ್ಟು ಇದ್ದಿದ್ದೇ, ಸುತ್ತ ಪೆನ್ನಲ್ಲಿ ಗೆರೆ ಹಾಕಿ ತಾರೀಖು ಬರೆದು ದೊಡ್ಡದಾಗ್ತಿದ್ಯಾ ನೋಡ್ತಿರಿ. ಮುಂದುಗಡೆ ಬಣ್ಣದ ನೀರಾದ್ರೆ ಕೂಲೆಂಟ್. ಚಕ್ರದ ಗೆರೆ ಪಕ್ಕದಲ್ಲಿ ಬಣ್ಣ ಇಲ್ಲದ, ಮುಟ್ಟಿದ್ರೆ ಜಾರೋ ಹನಿ ಕಂಡ್ರೆ ಅದು ಬ್ರೇಕ್ ಫ್ಲೂಯಿಡ್, ಅವತ್ತು ಕೀ ಮನೆ ಒಳಗೇ ಇಟ್ಟು ಚಕ್ರ ಬಿಚ್ಚಿ.