ಟ್ಯಾಗ್ ಇಲ್ಲದ ಆಲ್ಫಾ-ಬಿ, ಸ್ನಾಯುವಿನಿಂದಲೇ ತೆಗೆದ ಎಸ್-1: ಚಾಪೆರೋನ್ ಪರೀಕ್ಷೆಯ ನನ್ನ ಅನುಭವ

ಚಾಪೆರೋನ್ ಎಂದರೆ ಬೇರೆ ಪ್ರೋಟೀನುಗಳು ಕೆಟ್ಟು ಮುದ್ದೆಗಟ್ಟದಂತೆ ಕಾಯುವ ಪ್ರೋಟೀನು; ಆಲ್ಫಾ-ಬಿ ಕ್ರಿಸ್ಟಲಿನ್ ಅಂಥದ್ದೊಂದು. ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಬಹಳಷ್ಟು ಜನ ಇನ್ಸುಲಿನ್‌ಗೆ ಡಿಟಿಟಿ (ಗಂಧಕದ ಬಂಧ ಬಿಡಿಸಿ ಇನ್ಸುಲಿನ್ ಮುದ್ದೆಗಟ್ಟುವಂತೆ ಮಾಡುವ ರಾಸಾಯನಿಕ) ಹಾಕಿ ಮಬ್ಬು ಏರುವುದನ್ನು ಅಳೆಯುತ್ತಾರೆ. ಸುಲಭ, ಅಗ್ಗ, ಒಪ್ಪಿದೆ. ಆದರೆ ಸ್ನಾಯುಕೋಶದಲ್ಲಿ ಅದು ಕಾಯಬೇಕಾದದ್ದು ಡೆಸ್ಮಿನ್, ಟೈಟಿನ್, ಮಯೋಸಿನ್‌ಗಳನ್ನು. ಹಾಗಾಗಿ ಮಯೋಸಿನ್‌ನ ತಲೆಯನ್ನೇ, ಅಂದರೆ ಎಸ್-1 ತುಂಡನ್ನೇ, ಬಿಸಿ ಮಾಡಿ ನೋಡಬೇಕೆಂಬುದು ನನ್ನ ಹಟ. ಬಿಸಿ ಕ್ಯುವೆಟ್‌ನ ಸ್ಪೆಕ್ಟ್ರೋ (ಬೆಳಕು ಹಾಯಿಸಿ ಮಬ್ಬು ಅಳೆಯುವ ಯಂತ್ರ) ಇಲ್ಲದೆ ಇದು ಆಗದ ಮಾತು ಎಂದವರೇ ಹೆಚ್ಚು. ಬಿಸಿ ಮಾಡಲು ಪಿಸಿಆರ್ ಯಂತ್ರ, ಮೇಜಿನ ಮೇಲಿನ ಸೆಂಟ್ರಿಫ್ಯೂಜ್, ಒಂದು ಜೆಲ್, ಇಷ್ಟರಲ್ಲೇ ಆಯಿತು. ಈಗ ಅವರೇ ಬಫರ್ ಪಟ್ಟಿ ಕೇಳುತ್ತಿದ್ದಾರೆ.

ಎಸ್-1 ಅನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸುವ ಆಸೆ ಬೇಡ. ಮಯೋಸಿನ್ ತಲೆ ಸರಿಯಾಗಿ ಮಡಚಿಕೊಳ್ಳಲು ಯುಎನ್‌ಸಿ-45 ಮತ್ತು ಎಚ್‌ಎಸ್‌ಪಿ-90 ಎಂಬ ಚಾಪೆರೋನ್ ಜೋಡಿ ಬೇಕು, ಇ. ಕೋಲಿಯಲ್ಲಿ ಯುಎನ್‌ಸಿ-45 ಇಲ್ಲ, ಸಿಗುವುದು ಬರೀ ಮುದ್ದೆ. ಸ್ನಾಯುವಿನಿಂದಲೇ ತೆಗೆಯಿರಿ. 0.3 ಮೋಲಾರ್ ಕೆಸಿಎಲ್, 0.15 ಮೋಲಾರ್ ಫಾಸ್ಫೇಟ್, ಪಿಎಚ್ 6.5, ತಣ್ಣಗೆ ಹತ್ತು-ಹದಿನೈದು ನಿಮಿಷ, ಅಷ್ಟೇ. ಹೆಚ್ಚು ಹೊತ್ತು ಬಿಟ್ಟರೆ ಆಕ್ಟಿನ್ ಎದ್ದು ಬರುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ತಣ್ಣೀರು ಹತ್ತು ಪಟ್ಟು ಸುರಿದು ಮಯೋಸಿನ್ ಇಳಿಸಿ, ಕೈಮೋಟ್ರಿಪ್ಸಿನ್ ಕಿಣ್ವದಲ್ಲಿ ಕತ್ತರಿಸಿ: ಮಯೋಸಿನ್ ಮಿಲಿಲೀಟರಿಗೆ 10 ಮಿಲಿಗ್ರಾಂ ಆಸುಪಾಸು, ಕಿಣ್ವ 0.05, 25 ಡಿಗ್ರಿ, ಹತ್ತು ನಿಮಿಷ, ನಂತರ ಕಿಣ್ವ ನಿಲ್ಲಿಸಲು ಪಿಎಂಎಸ್‌ಎಫ್. ಮೆಗ್ನೀಷಿಯಂ ಹಿಡಿದುಕೊಳ್ಳುವ ಇಡಿಟಿಎ 1 ಮಿಲಿಮೋಲಾರ್ ಇರಲೇಬೇಕು. ಅದಿಲ್ಲದೆ ಮೆಗ್ನೀಷಿಯಂ ಉಳಿದರೆ ಲಘು ಸರಪಳಿ ಕತ್ತಿನ ಭಾಗವನ್ನು ಕಾಯುತ್ತದೆ, ಎಸ್-1 ಬದಲು ಎಚ್‌ಎಂಎಂ (ಎರಡು ತಲೆಯ ಜೊತೆ ಬಾಲದ ಭಾಗವೂ ಇರುವ ದೊಡ್ಡ ತುಂಡು) ಕೈಗೆ ಬರುತ್ತದೆ.

ಆಲ್ಫಾ-ಬಿಗೆ ಟ್ಯಾಗ್ (ಶುದ್ಧಗೊಳಿಸಲೆಂದು ಅಂಟಿಸುವ ಬಾಲ) ಬೇಡವೇ ಬೇಡ. 175 ಅಮೈನೋ ಆಮ್ಲದ ಪುಟ್ಟ ಪ್ರೋಟೀನು, 20 ಕಿಲೋಡಾಲ್ಟನ್. ನಡುವಿನ ಕ್ರಿಸ್ಟಲಿನ್ ಭಾಗ ಜೋಡಿ ಕಟ್ಟುತ್ತದೆ, ಸಿ-ತುದಿಯ ಐಸೋಲ್ಯೂಸಿನ್-ಪ್ರೋಲಿನ್-ಐಸೋಲ್ಯೂಸಿನ್ ತುಣುಕು ಪಕ್ಕದವನ ತೋಡಿನಲ್ಲಿ ಕೂರುತ್ತದೆ, ಎನ್-ತುದಿ ಸಡಿಲವಾಗಿದ್ದು ಮುದ್ದೆಗಟ್ಟಲು ಹೊರಟ ಪ್ರೋಟೀನನ್ನು ಹಿಡಿಯುತ್ತದೆ. ಎರಡು ತುದಿಗೂ ಕೆಲಸವಿರುವಾಗ ಹಿಸ್ಟಿಡಿನ್ ಬಾಲ ಎಲ್ಲಿ ಕಟ್ಟಿದರೂ ಹಲವು ಆಲ್ಫಾ-ಬಿ ಸೇರಿ ಆಗುವ ಗುಂಪಿನ ಗಾತ್ರ ಕೆಡುವ ಭಯ. ನಿಕಲ್ ರಾಳದ ಖರ್ಚೂ ಉಳಿಯಿತು. ಇದನ್ನು ಬ್ಯಾಕ್ಟೀರಿಯಾದಲ್ಲೇ ಬೆಳೆಸಿ: 37 ಡಿಗ್ರಿಯಲ್ಲಿ 0.5 ಮಿಲಿಮೋಲಾರ್ ಐಪಿಟಿಜಿ (ಪ್ರೋಟೀನ್ ತಯಾರಿ ಶುರು ಮಾಡಿಸುವ ವಸ್ತು), ಮೂರು ಗಂಟೆ. ಒಡೆದ ಮೇಲೆ 0.1 ಶೇಕಡಾ ಪಿಇಐ ಹಾಕಿ ಡಿಎನ್ಎ ಇಳಿಸಿ. ಪಿಎಚ್ 8.5ರ ಕ್ಯೂ ಕಾಲಮ್‌ಗೆ (ವಿದ್ಯುದಂಶ ನೋಡಿ ಬೇರ್ಪಡಿಸುವಂಥದ್ದು) ಆಲ್ಫಾ-ಬಿ ಸಡಿಲವಾಗಿ ಅಂಟುತ್ತದೆ, ಉಪ್ಪು ಸ್ವಲ್ಪ ಏರಿದೊಡನೆ ಮೊದಲು ಕಳಚುತ್ತದೆ. ನಂತರ ಗಾತ್ರ ನೋಡಿ ಬೇರ್ಪಡಿಸುವ ಎಸ್-300 ಕಾಲಮ್. ಒಂದು ಲೀಟರ್ ಕಲ್ಚರಿನಿಂದ ಮೂವತ್ತು ಮಿಲಿಗ್ರಾಂ ಮೇಲೇ ಬಂದಿದೆ. ಮಾರುಕಟ್ಟೆಯಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಳ್ಳುವವರು ಈ ಅಂಕಿಯನ್ನು ಒಮ್ಮೆ ಗುಣಿಸಿ ನೋಡಲಿ. ಹಣ ನುಂಗುವುದು ಕಾಲಮ್ ಒಂದೇ, ಅದೂ ತೊಳೆದಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ.

ಕ್ಯೂ ಕಾಲಮ್ ತಪ್ಪಿಸಿ ನೇರ ಎಸ್-300ಕ್ಕೆ ಹೋಗುವ ದುರಾಸೆ ಬೇಡ. ಆಲ್ಫಾ-ಬಿ ಗುಂಪು ಆರುನೂರು ಕಿಲೋಡಾಲ್ಟನ್ ಆಸುಪಾಸು, ಬ್ಯಾಕ್ಟೀರಿಯಾದ ಗ್ರೋಇಎಲ್ ಎಂಟುನೂರು. ಎರಡೂ ಜೊತೆಯಾಗಿ ಇಳಿಯುತ್ತವೆ. ಗ್ರೋಇಎಲ್ ತಾನೇ ಚಾಪೆರೋನ್ ಆದ್ದರಿಂದ ಫಲಿತಾಂಶ ಸೊಗಸಾಗಿ ಬರುತ್ತದೆ, ಹೊಗಳಿಕೆ ಮಾತ್ರ ತಪ್ಪು ಪ್ರೋಟೀನಿಗೆ. ಕ್ಯೂಗೆ ಗ್ರೋಇಎಲ್ ಗಟ್ಟಿಯಾಗಿ ಅಂಟುವುದರಿಂದ ಅಲ್ಲೇ ಬೇರಾಗುತ್ತದೆ. ಜೆಲ್‌ನಲ್ಲಿ 57 ಕಿಲೋಡಾಲ್ಟನ್ ಬಳಿ ಎಳೆಯಷ್ಟು ಪಟ್ಟಿ ಕಂಡರೂ ಆ ಭಾಗ ಎಸೆಯಿರಿ.

ಪರೀಕ್ಷೆ ಹೀಗೆ. 50 ಮೈಕ್ರೋಲೀಟರ್‌ನಲ್ಲಿ ಎಸ್-1 ಒಂದು ಮೈಕ್ರೋಮೋಲಾರ್, ತೂಕದಲ್ಲಿ ಅದಕ್ಕೆ ಸಮನಾದಷ್ಟು ಆಲ್ಫಾ-ಬಿ, ಇನ್ನೊಂದು ನಳಿಗೆಯಲ್ಲಿ ಹೋಲಿಕೆಗೆ ಅಷ್ಟೇ ತೂಕದ ಬಿಎಸ್ಎ (ದನದ ರಕ್ತದ ಆಲ್ಬ್ಯುಮಿನ್). 43 ಡಿಗ್ರಿ, ಇಪ್ಪತ್ತು ನಿಮಿಷ. ಬಫರ್ ಮಾಪ್ಸ್ ಇರಲಿ; ಟ್ರಿಸ್ ಆದರೆ ಬಿಸಿಗೆ ಪಿಎಚ್ ಅರ್ಧ ಘಟಕದಷ್ಟು ಇಳಿದು ಎಸ್-1 ಆ ಕಾರಣಕ್ಕೇ ಕೆಡಬಹುದು. ಎಟಿಪಿ, ಎಡಿಪಿ ಹಾಕಬೇಡಿ, ಅವು ಎಸ್-1 ಅನ್ನು ತಾವೇ ಗಟ್ಟಿಮಾಡುತ್ತವೆ. ನಂತರ 15,000 ಜಿಯಲ್ಲಿ ಹತ್ತು ನಿಮಿಷ ತಿರುಗಿಸಿ, ಮೇಲಿನ ದ್ರವ ಮತ್ತು ತಳ ಸೇರಿದ ಪೆಲೆಟ್ ಎರಡನ್ನೂ ಜೆಲ್‌ಗೆ ಹಾಕಿ. ಅಲ್ಟ್ರಾಸೆಂಟ್ರಿಫ್ಯೂಜ್ ಇದೆಯೆಂದು ಅದಕ್ಕೆ ಹಾಕಬಾರದು. ಆ ವೇಗಕ್ಕೆ ಕೆಡದ ಆಲ್ಫಾ-ಬಿ ಗುಂಪೂ ತಳ ಸೇರುತ್ತದೆ. ಬಿಎಸ್ಎ ನಳಿಗೆಯಲ್ಲಿ ಎಸ್-1ರ ಬಹುಪಾಲು ಪೆಲೆಟ್‌ಗೆ ಹೋಯಿತು, ಆಲ್ಫಾ-ಬಿ ಇದ್ದಲ್ಲಿ ಬಹುಪಾಲು ಮೇಲೇ ನಿಂತಿತು. ಆಲ್ಫಾ-ಬಿಯನ್ನು ಅಣುವಿಗೆ ಅಣು ಲೆಕ್ಕಕ್ಕೆ ಇಳಿಸಿದರೆ ಅದೂ ಎಸ್-1 ಜೊತೆಗೆ ಪೆಲೆಟ್‌ನಲ್ಲಿ ಕಾಣುತ್ತದೆ: ಹೊರೆ ಹೆಚ್ಚಾಯಿತು ಎಂದರ್ಥ.

ಎಸ್-1 ಕರಗಿ ಉಳಿದ ಮಾತ್ರಕ್ಕೆ ಜೀವಂತ ಎನ್ನಲಾಗದು. ಅದಕ್ಕೇ 0.6 ಮೋಲಾರ್ ಕೆಸಿಎಲ್, ಇಡಿಟಿಎಯಲ್ಲಿ ಎಟಿಪೇಸ್ (ಎಟಿಪಿ ಒಡೆಯುವ ಚಟುವಟಿಕೆ) ಅಳೆಯುತ್ತೇನೆ. ಮೆಗ್ನೀಷಿಯಂ ಇಲ್ಲದ ಕಡೆ ಬ್ಯಾಕ್ಟೀರಿಯಾದ ಚಾಪೆರೋನ್‌ಗಳಾದ ಡಿಎನ್ಎಕೆ, ಗ್ರೋಇಎಲ್‌ಗಳ ಸದ್ದಡಗಿ ಮಯೋಸಿನ್ ಒಂದೇ ಮಾತಾಡುತ್ತದೆ. ಎಟಿಪಿ ಒಡೆದಾಗ ಬರುವ ಫಾಸ್ಫೇಟ್ ಅಳೆಯುವ ಬಣ್ಣ ಮ್ಯಾಲಕೈಟ್ ಗ್ರೀನ್. ಅದು ಕೈಕೊಡುವುದು ಹೊರಗಿನ ಫಾಸ್ಫೇಟ್‌ನಿಂದ: ಎಸ್-1 ತಯಾರಿಸಿದ ಬಫರಿನದ್ದು, ಮಾರ್ಜಕದಲ್ಲಿ ತೊಳೆದ ಗಾಜಿನದ್ದು. ಡಯಾಲಿಸಿಸ್ ಎರಡು ಸಲ, ನಳಿಗೆ ಹೊಸ ಪ್ಲಾಸ್ಟಿಕ್. ಚಟುವಟಿಕೆಯ ರಕ್ಷಣೆ ಜೆಲ್ ತೋರಿಸಿದ್ದಕ್ಕಿಂತ ಕಡಿಮೆಯೇ ಬರುತ್ತದೆ. ಆಲ್ಫಾ-ಬಿಗೆ ಎಟಿಪಿ ಬಳಸಿ ಮತ್ತೆ ಮಡಚುವ ಶಕ್ತಿ ಇಲ್ಲ, ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ.

ಬಹಳ ಕಾಲ ಕಾಡಿದ್ದು ಉಳಿಕೆ ಕೈಮೋಟ್ರಿಪ್ಸಿನ್. ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಕೆಡುವ ವಸ್ತು, ಹಳೆಯ ದ್ರಾವಣ ಹಾಕಿದರೆ ಕಿಣ್ವ ಪೂರ್ತಿ ಸಾಯುವುದಿಲ್ಲ. 43 ಡಿಗ್ರಿಯಲ್ಲಿ ಅದು ಆಲ್ಫಾ-ಬಿಯ ಸಡಿಲ ತುದಿಗಳನ್ನು ಕಡಿಯುತ್ತದೆ. 20ರ ಪಟ್ಟಿಯ ಕೆಳಗೆ ಇನ್ನೊಂದು ತೆಳು ಪಟ್ಟಿ ಕಂಡರೆ ಅದೇ. ಎಸ್-1ರಿಂದ ಕಿಣ್ವವನ್ನು ಪೂರ್ತಿ ಕಳೆಯಲು ಒಂದು ಕ್ರಮವಿದೆ. ಅದು ಸದ್ಯಕ್ಕೆ ನನ್ನ ಪುಸ್ತಕದಲ್ಲೇ ಇರಲಿ.

ಪಕ್ಕದಲ್ಲಿ ಎರಡು ರೂಪಾಂತರಗಳನ್ನೂ ನೋಡಿದೆ. 19, 45, 59ನೇ ಸೆರಿನ್‌ಗಳನ್ನು ಗ್ಲುಟಮೇಟ್ ಮಾಡಿದರೆ, ಅಂದರೆ ಫಾಸ್ಫೇಟ್ ಅಂಟಿದಂತೆ ನಟಿಸಿದರೆ, ಗುಂಪು ಚಿಕ್ಕದಾಗಿ ಎಸ್-300ರಿಂದ ತಡವಾಗಿ ಇಳಿಯುತ್ತದೆ. ಡೆಸ್ಮಿನ್ ಮುದ್ದೆಗಟ್ಟುವ ಸ್ನಾಯುರೋಗಕ್ಕೆ ಕಾರಣವೆಂದು 1998ರಲ್ಲಿ ಗುರುತಿಸಿದ ಆರ್120ಜಿ (120ನೇ ಆರ್ಜಿನಿನ್ ಜಾಗದಲ್ಲಿ ಗ್ಲೈಸಿನ್) ಮಾತ್ರ ತಲೆನೋವು. 37 ಡಿಗ್ರಿಯಲ್ಲಿ ಬಹುಪಾಲು ಇನ್‌ಕ್ಲೂಷನ್ ಬಾಡಿಗೇ (ಕೋಶದೊಳಗಿನ ಕರಗದ ಮುದ್ದೆಗೆ) ಹೋಗುತ್ತದೆ. 18 ಡಿಗ್ರಿಗೆ ಇಳಿಸಿ ರಾತ್ರಿಯಿಡೀ ಬೆಳೆಸಿ; ಕಾಲಮ್‌ಗೆ ಹಾಕುವ ಮುನ್ನ ತಿರುಗಿಸಿ ಮಬ್ಬು ತೆಗೆಯದಿದ್ದರೆ ಎಸ್-300ರ ಮೇಲ್ಪದರ ಕಟ್ಟಿಕೊಳ್ಳುತ್ತದೆ.