ಹಳೇ ಅಂಬಾಸಿಡರ್, ಪದ್ಮಿನಿ ಟೈಮಿಂಗಿಗೆ ಒಂದು ಬಲ್ಬ್ ಸಾಕು
ಟೈಮಿಂಗ್ ಅಂದರೆ ಪ್ಲಗ್ಗಿಗೆ ಸ್ಪಾರ್ಕ್ ಬರುವ ಹೊತ್ತು. ಅದನ್ನು ನೋಡುವ ಟೈಮಿಂಗ್ ಲೈಟ್ ಇಲ್ಲದಿದ್ದರೂ 12 ವೋಲ್ಟಿನ ಸಣ್ಣ 5 ವ್ಯಾಟ್ ಬಲ್ಬಿನಿಂದ ಟೈಮಿಂಗ್ ಕೂರಿಸಬಹುದು. ಮೊದಲು ಪಾಯಿಂಟ್ (ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಕೂಡಿ ಬಿಡುವ ಸಣ್ಣ ಸ್ವಿಚ್) ಉಜ್ಜಿ ಗ್ಯಾಪ್ ಸರಿಮಾಡಿ. ಕಾರವಾರದ ಉಪ್ಪುಗಾಳಿಗೆ ಪಾಯಿಂಟ್ ಬೇಗ ಮಂಕಾಗುತ್ತದೆ, ಇದನ್ನು ಬಿಡಲೇಬೇಡಿ. ಬಲ್ಬಿನ ಒಂದು ವೈರ್ ಕಾಯಿಲಿನಿಂದ (ಸ್ಪಾರ್ಕಿನ ಕರೆಂಟ್ ಕೊಡುವ ಸುರುಳಿ) ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವೈರಿಗೆ, ಇನ್ನೊಂದನ್ನು ಗಾಡಿಯ ಲೋಹದ ಮೈಗೆ ಹಚ್ಚಿ. ಪ್ಲಗ್ ಬಿಚ್ಚಿಟ್ಟರೆ ಎಂಜಿನ್ ಕೈಯಲ್ಲೇ ಹಗುರಾಗಿ ತಿರುಗುತ್ತದೆ. ಮೊದಲನೇ ಸಿಲಿಂಡರ್ ಕಂಪ್ರೆಶನ್ನಿನಲ್ಲಿರುವಾಗ ಪುಲ್ಲಿಯ ಗುರುತನ್ನು ನಿಮ್ಮ ಗಾಡಿಯ ಪುಸ್ತಕ ಹೇಳಿದ ಡಿಗ್ರಿಗೆ ತನ್ನಿ. ಕೀ ಆನ್ ಮಾಡಿ. ಡಿಸ್ಟ್ರಿಬ್ಯೂಟರನ್ನು ರೋಟರ್ (ಅದರೊಳಗೆ ತಿರುಗುವ ತುಂಡು) ತಿರುಗುವ ಕಡೆಗೇ ತಿರುಗಿಸಿ ಬಲ್ಬ್ ಆರಿಸಿ, ಆಮೇಲೆ ಎದುರು ದಿಕ್ಕಿಗೆ ನಿಧಾನ ತನ್ನಿ. ಬಲ್ಬ್ ಹೊತ್ತಿದ ಕ್ಷಣವೇ ಡಿಸ್ಟ್ರಿಬ್ಯೂಟರನ್ನು ಬಿಗಿ ಮಾಡಿ. ಪಾಯಿಂಟ್ ಕೂಡಿರುವಾಗ ಕರೆಂಟ್ ಅದರ ಮೂಲಕವೇ ಅರ್ಥ್ ಆಗುತ್ತದೆ. ಬಿಟ್ಟಾಗ ಬಲ್ಬಿಗೆ ಬರುತ್ತದೆ, ಸ್ಪಾರ್ಕ್ ಬರುವುದೂ ಆಗಲೇ ಅಲ್ವಾ? ಕೀ ಜಾಸ್ತಿ ಹೊತ್ತು ಆನ್ ಬಿಡಬೇಡಿ, ಕಾಯಿಲ್ ಬಿಸಿಯಾಗುತ್ತದೆ. ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಕಿಟ್ ಹಾಕಿದ ಗಾಡಿಗೆ ಇದು ಆಗದು. ಡಿಸ್ಟ್ರಿಬ್ಯೂಟರ್ ಶಾಫ್ಟ್ ಅಲ್ಲಾಡುತ್ತಿದ್ದರೆ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಹೊತ್ತುತ್ತದೆ, ಆಗ ಮೊದಲು ಬುಷ್ (ಶಾಫ್ಟ್ ಕೂರುವ ಬಳೆ) ನೋಡಿ. ಎಂಜಿನ್ ವೇಗ ಹೆಚ್ಚಿದಂತೆ ಸ್ಪಾರ್ಕನ್ನು ಮುಂಚೆ ತರುವ ಒಳಗಿನ ಅಡ್ವಾನ್ಸ್ ಸ್ಪ್ರಿಂಗ್ ಜಾಮ್ ಆಗಿದ್ದರೆ ಅದನ್ನು ಬಲ್ಬ್ ತೋರಿಸುವುದಿಲ್ಲ. ಅದಕ್ಕೇ ಒಮ್ಮೆ ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತಿಸಿ. ಎಳೆಯುವಾಗ ಟಕಟಕ ಸದ್ದು ಬಂದರೆ ಡಿಸ್ಟ್ರಿಬ್ಯೂಟರನ್ನು ರೋಟರ್ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ.